ಒಂದು ಎಂಜಿನ್, ಎರಡು ಕೆಲಸ: ಫೋರ್ಕ್‌ಲಿಫ್ಟಿನ ಇಂಚಿಂಗ್ ಪೆಡಲಿನ ಚರಿತ್ರೆ

ಡೀಸೆಲ್ ಅಥವಾ ಗ್ಯಾಸಿನಿಂದ ಓಡುವ ಫೋರ್ಕ್‌ಲಿಫ್ಟಿನಲ್ಲಿ ಚಾಲಕನ ಪಾದದ ಬಳಿ ಸಾಮಾನ್ಯವಾಗಿ ಮೂರು ಪೆಡಲುಗಳಿರುತ್ತವೆ. ಬಲತುದಿಯದು ಆಕ್ಸಿಲರೇಟರ್, ನಡುವಿನದು ಬ್ರೇಕ್. ಎಡತುದಿಯದನ್ನು ಲಾರಿ ಓಡಿಸಿ ಬಂದವರು ಕ್ಲಚ್ಚೆಂದು ಭಾವಿಸುವುದುಂಟು, ಆದರೆ ಅದು ಲಾರಿಯ ಅರ್ಥದಲ್ಲಿ ಕ್ಲಚ್ ಅಲ್ಲ, ಬರಿಯ ಬ್ರೇಕೂ ಅಲ್ಲ. ಎಂಜಿನ್ ಜೋರಾಗಿ ತಿರುಗುತ್ತಿರುವಾಗಲೇ ವಾಹನವನ್ನು ಅಂಗುಲ ಅಂಗುಲವಾಗಿ ಸರಿಸಲು, ಇನ್ನಷ್ಟು ಒತ್ತಿದರೆ ಅದನ್ನು ನಿಲ್ಲಿಸಲು ಇರುವ ಈ ಪೆಡಲಿಗೆ ಇಂಚಿಂಗ್ ಪೆಡಲ್ ಎಂದು ಹೆಸರು. ಮುಂದೆ ಚಾಚಿದ ಎರಡು ಉಕ್ಕಿನ ಕವಲುಗಳ ಮೇಲೆ ಸರಕನ್ನೆತ್ತಿ ಒಯ್ಯುವ ಈ ವಾಹನದ ಚರಿತ್ರೆಯನ್ನು ಬರೆದವರು ಎತ್ತುವ ಶಕ್ತಿಯ ಬಗ್ಗೆ, ಏರುವ ಎತ್ತರದ ಬಗ್ಗೆ ಬರೆದಷ್ಟು ಪೆಡಲುಗಳ ಬಗ್ಗೆ ಬರೆದಿಲ್ಲ. ಆದರೆ ಒಂದೇ ಎಂಜಿನ್ನಿನಿಂದ ಓಡಿಸುವ ಮತ್ತು ಎತ್ತುವ ಎರಡು ಕೆಲಸಗಳನ್ನು ಮಾಡಿಸಹೊರಟಾಗ ಹುಟ್ಟಿದ ತೊಡಕು ಎಲ್ಲಿ ಬಗೆಹರಿಯಿತು ಎಂದು ಹುಡುಕಿದರೆ ಅದು ಈ ಎಡಪೆಡಲಿನಲ್ಲಿ, ಅದಕ್ಕೆ ಜೋಡಿಸಿದ ಸರಳೊಂದರ ಕೆಲವೇ ಮಿಲಿಮೀಟರುಗಳ ಹೊಂದಾಣಿಕೆಯಲ್ಲಿ ಬಗೆಹರಿದಿರುವುದು ಕಾಣುತ್ತದೆ.

ಮೊದಲ ತಲೆಮಾರಿನ ವಿದ್ಯುತ್ ವಾಹನಗಳಿಗೆ ಈ ತೊಡಕು ಎದುರಾಗಲೇ ಇಲ್ಲ. ಅಮೆರಿಕದ ಪೆನ್ಸಿಲ್ವೇನಿಯಾ ರೈಲ್‌ರೋಡ್ ಸಂಸ್ಥೆಯು 1906ರಲ್ಲಿ ಆಲ್ಟೂನಾ ನಿಲ್ದಾಣದಲ್ಲಿ ಪ್ರಯಾಣಿಕರ ಸಾಮಾನು ಸಾಗಿಸಲು ಬ್ಯಾಟರಿಯಿಂದ ಓಡುವ ಗಾಡಿಗಳನ್ನು ಬಳಕೆಗೆ ತಂದಿತು. ಅವು ಸರಕನ್ನು ಹೊರುತ್ತಿದ್ದವೇ ಹೊರತು ಎತ್ತುತ್ತಿರಲಿಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಕೂಲಿಯಾಳುಗಳ ಕೊರತೆ ಬಿದ್ದಾಗ ಇಂಗ್ಲೆಂಡಿನ ಇಪ್ಸ್‌ವಿಚ್ ಪಟ್ಟಣದ ರಾನ್ಸಮ್ಸ್, ಸಿಮ್ಸ್ ಅಂಡ್ ಜೆಫ್ರೀಸ್ ಕಂಪನಿಯು ಸರಕು ಸಾಗಣೆಯ ಯಂತ್ರಗಳತ್ತ ತಿರುಗಿತು. 1923ರಲ್ಲಿ ಅಮೆರಿಕದ ಯೇಲ್ ಕಂಪನಿಯು ಕವಲುಗಳನ್ನೂ, ಆ ಕವಲುಗಳು ಏರಿಳಿಯುವ ನೆಟ್ಟನೆಯ ಚೌಕಟ್ಟನ್ನೂ, ಅಂದರೆ ಮಾಸ್ಟನ್ನೂ ಒಳಗೊಂಡ ವಿದ್ಯುತ್ ಟ್ರಕ್ಕನ್ನು ಹೊರತಂದಿತು. ಇಂದಿನ ಫೋರ್ಕ್‌ಲಿಫ್ಟಿನ ರೂಪ ಮೊದಲು ಕಾಣಿಸಿದ್ದು ಇದರಲ್ಲೇ ಎಂದು ಹಲವರ ಅಭಿಪ್ರಾಯ. ವಿದ್ಯುತ್ತಿನ ವಾಹನದಲ್ಲಿ ಚಕ್ರಕ್ಕೊಂದು ಮೋಟಾರು, ಎತ್ತುವುದಕ್ಕೆ ಇನ್ನೊಂದು ಮೋಟಾರು ಇಡುವುದು ಕಷ್ಟವೇನಲ್ಲ. ಒಂದು ನಿಂತಿರುವಾಗ ಇನ್ನೊಂದು ಪೂರ್ಣ ವೇಗದಲ್ಲಿ ತಿರುಗಬಹುದು, ಬ್ಯಾಟರಿಯೊಂದೇ ಎರಡಕ್ಕೂ ಸಾಮಾನ್ಯ.

ಪೆಟ್ರೋಲ್ ಎಂಜಿನ್ನಿನ ದಾರಿ ಬೇರೆಯಾಗಿತ್ತು. ಮಿಷಿಗನ್ ರಾಜ್ಯದ ಬುಕ್ಯಾನನ್ ಪಟ್ಟಣದಲ್ಲಿ ಆಕ್ಸಲುಗಳನ್ನು ತಯಾರಿಸುತ್ತಿದ್ದ ಕ್ಲಾರ್ಕ್ ಕಂಪನಿಯು 1917ರಲ್ಲಿ ತನ್ನದೇ ಕಾರ್ಖಾನೆಯೊಳಗೆ ಬಿಡಿಭಾಗಗಳನ್ನು ಸಾಗಿಸಲೆಂದು ಟ್ರಕ್‌ಟ್ರ್ಯಾಕ್ಟರ್ ಎಂಬ ಪೆಟ್ರೋಲ್ ಗಾಡಿಯನ್ನು ಕಟ್ಟಿಕೊಂಡಿತು. ಕಾರ್ಖಾನೆ ನೋಡಲು ಬಂದವರು ತಮಗೂ ಅಂಥದ್ದು ಬೇಕೆಂದು ಕೇಳಿದ್ದರಿಂದ ಅದು ಮಾರಾಟದ ಸರಕಾಯಿತು. ಬ್ಯಾಟರಿಯನ್ನು ಗಂಟೆಗಟ್ಟಲೆ ಚಾರ್ಜಿಗೆ ಹಾಕಬೇಕಾಗಿಲ್ಲ, ಮಳೆ ಕೆಸರಿನ ಅಂಗಳದಲ್ಲೂ ಓಡಾಡಬಹುದು ಎಂಬ ಕಾರಣಗಳಿಂದ ಬಂದರು, ಮರದ ಅಡ್ಡೆ, ಇಟ್ಟಿಗೆಯ ಅಂಗಳಗಳು ಎಂಜಿನ್ ಟ್ರಕ್ಕುಗಳತ್ತಲೇ ಒಲಿದವು. ಆದರೆ ಎತ್ತುವ ಕೆಲಸವು ಹೈಡ್ರಾಲಿಕ್ಕಿಗೆ, ಅಂದರೆ ಪಂಪಿನಿಂದ ಒತ್ತಡಕ್ಕೊಳಗಾದ ಎಣ್ಣೆಯು ಸಿಲಿಂಡರಿನ ದಂಡವನ್ನು ಮೇಲೆ ನೂಕುವ ಕ್ರಮಕ್ಕೆ ಬಂದಾಗ, ಆ ಪಂಪು ಎಂಜಿನ್ನಿಗೇ ಜೋಡಣೆಯಾಯಿತು. ಎಂಜಿನ್ ವೇಗವಾಗಿ ತಿರುಗಿದರೆ ಪಂಪಿನಿಂದ ಹೆಚ್ಚು ಎಣ್ಣೆ ಬಂದು ಸರಕು ಬೇಗ ಏರುತ್ತದೆ, ನಿಧಾನವಾದರೆ ಸರಕೂ ನಿಧಾನ. ಹಾಗಾಗಿ ಪೇರಿಸಿಟ್ಟ ರಾಶಿಯ ಮುಂದೆ ನಿಂತ ಚಾಲಕನಿಗೆ ಏಕಕಾಲದಲ್ಲಿ ಎರಡು ವಿರುದ್ಧ ಬೇಡಿಕೆಗಳು ಎದುರಾಗುತ್ತಿದ್ದವು: ಸರಕು ಏರಬೇಕಾದರೆ ಆಕ್ಸಿಲರೇಟರ್ ಒತ್ತಬೇಕು, ಅದೇ ಹೊತ್ತಿಗೆ ವಾಹನ ಮುಂದಕ್ಕೆ ಬೆರಳಗಲ ಮಾತ್ರ ಸರಿಯಬೇಕು.

ಈ ವಿರೋಧವನ್ನು ಆರಂಭದ ದಶಕಗಳಲ್ಲಿ ನಿಭಾಯಿಸಿದ್ದು ಚಾಲಕನ ಎಡಗಾಲು. ಒಣ ಕ್ಲಚ್, ಅಂದರೆ ಎಣ್ಣೆಯಿಲ್ಲದೆ ಒಂದಕ್ಕೊಂದು ಒತ್ತಿ ತಿರುಗುವ ತಟ್ಟೆಗಳ ಜೋಡಿಯನ್ನು ಅರ್ಧ ಬಿಟ್ಟು ಅರ್ಧ ಹಿಡಿದು, ಬಲಗಾಲಿನಿಂದ ಎಂಜಿನ್ನಿನ ವೇಗವನ್ನು ಏರಿಸಿ, ಕೈಯಿಂದ ಮಾಸ್ಟಿನ ಲಿವರನ್ನು ಎಳೆಯುವ ಕೌಶಲವೇ ಒಳ್ಳೆಯ ಚಾಲಕನ ಗುರುತಾಗಿತ್ತು. ಕ್ಲಚ್ಚಿಗೆ ಇದರ ಬೆಲೆ ತೆರಬೇಕಿತ್ತು. ಲಾರಿಯ ಕ್ಲಚ್ ಹೊರಡುವಾಗ ಕೆಲವು ಕ್ಷಣ ಜಾರಿ ಆಮೇಲೆ ಮೈಲುಗಟ್ಟಲೆ ಬಿಗಿಯಾಗಿ ಕೂರುತ್ತದೆ. ಫೋರ್ಕ್‌ಲಿಫ್ಟಿನ ಕ್ಲಚ್ಚಿಗೋ ಪಾಳಿಯಿಡೀ ಜಾರುವುದೇ ಕೆಲಸ, ಮೇಲಾಗಿ ಪ್ರತಿ ಸರಕಿಗೂ ಒಮ್ಮೆ ಮುಂದಕ್ಕೆ ಒಮ್ಮೆ ಹಿಂದಕ್ಕೆ ಗೇರು ಬದಲಾಗಬೇಕು. ಹೀಗೆ ತಟ್ಟೆಯ ಲೈನಿಂಗ್ ಸುಟ್ಟ ವಾಸನೆಯು ಗೋದಾಮುಗಳ ನಿತ್ಯದ ವಾಸನೆಯಾಯಿತು.

1930ರ ದಶಕದಲ್ಲಿ ಪ್ಯಾಲೆಟ್ಟುಗಳ, ಅಂದರೆ ಸರಕನ್ನು ಪೇರಿಸಲು ಬಳಸುವ ಮರದ ಅಡಿಮಣೆಗಳ ಅಳತೆಗಳು ಒಂದು ಕ್ರಮಕ್ಕೆ ಬರತೊಡಗಿದ್ದು, ಎರಡನೆಯ ಮಹಾಯುದ್ಧದಲ್ಲಿ ಮಿತ್ರಪಕ್ಷದ ಸೇನೆಗಳು ಆ ಪ್ಯಾಲೆಟ್ಟನ್ನೂ ಫೋರ್ಕ್‌ಲಿಫ್ಟನ್ನೂ ಜೊತೆಜೊತೆಯಾಗಿ ಲೋಕದ ಬಂದರುಗಳಿಗೆಲ್ಲ ಒಯ್ದದ್ದು ಈ ಸಮಸ್ಯೆಯನ್ನು ಹತ್ತುಪಟ್ಟು ಮಾಡಿತು. ಯುದ್ಧ ಮುಗಿದ ಮೇಲೆ ಆಸ್ಟ್ರೇಲಿಯಾದಲ್ಲಿ ಉಳಿದುಹೋದ ಇಂಥ ಸಲಕರಣೆಗಳಿಂದಲೇ 1946ರಲ್ಲಿ ಅಲ್ಲಿನ ಸರ್ಕಾರಿ ಪ್ಯಾಲೆಟ್ ವ್ಯವಸ್ಥೆ ಆರಂಭವಾಯಿತು; ಯುರೋಪಿನ ರೈಲ್ವೆಗಳು 1961ರಲ್ಲಿ 1200 ಮಿಮೀ ಉದ್ದ, 800 ಮಿಮೀ ಅಗಲದ ಪ್ಯಾಲೆಟ್ಟನ್ನು ಪರಸ್ಪರ ಬದಲಾಯಿಸಿಕೊಳ್ಳುವ ಒಪ್ಪಂದಕ್ಕೆ ಬಂದವು. ಆ ಪ್ಯಾಲೆಟ್ಟಿನಲ್ಲಿ ಕವಲು ತೂರುವ ಸಂದಿನ ಎತ್ತರ ಸುಮಾರು 100 ಮಿಮೀ. ಎರಡೂವರೆ ಟನ್ ಎತ್ತಬಲ್ಲ ಟ್ರಕ್ಕಿನ ಸ್ವಂತ ತೂಕವೇ ಮೂರೂವರೆ ಟನ್ನಿಗೂ ಮೇಲಿರುತ್ತದೆ. ಅಷ್ಟು ಭಾರದ ಯಂತ್ರವು, ತಲೆಯ ಮೇಲಿನ ಎತ್ತರದಲ್ಲಿರುವ ಅಷ್ಟು ಕಿರಿದಾದ ಸಂದಿಗೆ, ಹಿಂದಿನ ಸಾಲಿನ ಸರಕನ್ನು ನೂಕದೆ ತನ್ನ ಕವಲುಗಳನ್ನು ತೂರಿಸಬೇಕಾಯಿತು.

ಕ್ಲಚ್ಚಿನ ಬವಣೆಗೆ ಪರಿಹಾರ ಬಂದದ್ದು ಹಡಗುಕಟ್ಟೆಯಿಂದ. ಜರ್ಮನಿಯ ಸ್ಟೆಟಿನ್ ನಗರದ, ಎಂದರೆ ಈಗ ಪೋಲೆಂಡಿಗೆ ಸೇರಿದ ಶ್ಚೆಚಿನ್‌ನ, ವಲ್ಕನ್ ಹಡಗುಕಟ್ಟೆಯಲ್ಲಿದ್ದ ಹರ್ಮನ್ ಫ್ಯೋಟಿಂಗರ್ ಎಂಬ ಎಂಜಿನಿಯರು 1905ರಲ್ಲಿ ಎಣ್ಣೆ ಅಥವಾ ನೀರಿನ ಹರಿವಿನ ಮೂಲಕ ಶಕ್ತಿಯನ್ನು ವರ್ಗಾಯಿಸುವ ಉಪಕರಣಕ್ಕೆ ಪೇಟೆಂಟ್ ಪಡೆದ. ಅವನ ಮುಂದಿದ್ದ ಪ್ರಶ್ನೆ ಅತಿವೇಗವಾಗಿ ತಿರುಗುವ ಉಗಿ ಟರ್ಬೈನನ್ನು ನಿಧಾನವಾಗಿ ತಿರುಗಬೇಕಾದ ಹಡಗಿನ ಪ್ರೊಪೆಲರಿಗೆ ಹೊಂದಿಸುವುದು ಹೇಗೆ ಎಂಬುದು. ಗೋದಾಮಿನ ಕಲ್ಪನೆ ಅದರಲ್ಲಿ ಎಲ್ಲಿಯೂ ಇರಲಿಲ್ಲ. ಟಾರ್ಕ್ ಕನ್ವರ್ಟರ್ ಎಂದು ಮುಂದೆ ಹೆಸರಾದ ಈ ಉಪಕರಣದಲ್ಲಿ ಎಂಜಿನ್ ಒಂದು ಚಕ್ರದ ರೆಕ್ಕೆಗಳಿಂದ ದ್ರವವನ್ನು ಎರಚುತ್ತದೆ, ಎದುರಿನ ಚಕ್ರ ಆ ಹೊಡೆತಕ್ಕೆ ತಿರುಗುತ್ತದೆ, ನಡುವೆ ಇರುವ ಸ್ಥಿರ ರೆಕ್ಕೆಗಳು ದ್ರವದ ದಿಕ್ಕನ್ನು ಬಾಗಿಸಿ ತಿರುಗುಬಲವನ್ನು ಹೆಚ್ಚಿಸುತ್ತವೆ. ಲೋಹಕ್ಕೆ ಲೋಹ ತಾಗದೆಯೇ ಶಕ್ತಿ ದಾಟುವುದರಿಂದ ಇಲ್ಲಿ ಸುಟ್ಟುಹೋಗುವ ಲೈನಿಂಗ್ ಎಂಬುದೇ ಇಲ್ಲ. 1948ರಲ್ಲಿ ಬ್ಯೂಕ್ ಕಾರುಗಳಿಗೆ ಬಂದ ಡೈನಾಫ್ಲೋ ಈ ಉಪಕರಣವನ್ನು ಅಮೆರಿಕದ ರಸ್ತೆಗಳಲ್ಲಿ ಮನೆಮಾತಾಗಿಸಿತು. 1950ರ ದಶಕದಿಂದ ಮುಂದಕ್ಕೆ ಅದು ಫೋರ್ಕ್‌ಲಿಫ್ಟುಗಳಿಗೂ ಹರಡಿತು.

ಕನ್ವರ್ಟರಿನ ಬೆನ್ನಿಗೆ ಪವರ್‌ಶಿಫ್ಟ್ ಗೇರ್‌ಬಾಕ್ಸ್ ಬಂತು. ಮುನ್ನಡೆಗೊಂದು, ಹಿನ್ನಡೆಗೊಂದು ಎಂದು ಎರಡು ಕ್ಲಚ್ ಕಟ್ಟುಗಳು ಅದರೊಳಗೆ ಎಣ್ಣೆಯಲ್ಲಿ ಮುಳುಗಿರುತ್ತವೆ. ಒಂದೊಂದು ಕಟ್ಟಿನಲ್ಲೂ ಹಲವು ತೆಳುತಟ್ಟೆಗಳು. ಚಾಲಕ ಸ್ಟೀರಿಂಗಿನ ಬಳಿಯ ಸಣ್ಣ ಲಿವರನ್ನು ತಿರುಗಿಸಿದೊಡನೆ ಒತ್ತಡದ ಎಣ್ಣೆ ಆ ಕಟ್ಟಿಗೆ ನುಗ್ಗಿ ತಟ್ಟೆಗಳನ್ನು ಬಿಗಿಹಿಡಿಯುತ್ತದೆ. ಎಡಗಾಲಿಗೆ ಕೆಲಸ ತಪ್ಪಿತು ಎಂದು ಮಾರಾಟಗಾರರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಆದರೆ ಪೂರ್ತಿ ನಿಜವೂ ಇರಲಿಲ್ಲ. ಕನ್ವರ್ಟರ್ ಇರುವ ವಾಹನದ ಗೇರು ಹಾಕಿದರೆ ಎಂಜಿನ್ ನಿಧಾನವಾಗಿ ತಿರುಗುವಾಗಲೂ ಅದು ತೆವಳತೊಡಗುತ್ತದೆ. ಸರಕನ್ನು ಎತ್ತಲೆಂದು ಆಕ್ಸಿಲರೇಟರ್ ಒತ್ತಿದರಂತೂ ರಾಶಿಯ ಮೇಲೆಯೇ ನುಗ್ಗುತ್ತದೆ. ಹಳೆಯ ಕ್ಲಚ್ಚಿನ ಅರ್ಧ ಹಿಡಿತ ಅರ್ಧ ಬಿಡುಗಡೆಯ ಸ್ಥಿತಿಯನ್ನು ಬೇರೆ ರೂಪದಲ್ಲಿ ಮರಳಿ ತರಲೇಬೇಕಾಯಿತು. ಹೀಗೆ ತೆರವಾದ ಎಡಪೆಡಲಿನ ಜಾಗಕ್ಕೆ ಇಂಚಿಂಗ್ ಪೆಡಲ್ ಬಂದು ಕೂತಿತು.

ಅದರ ಒಳಗಿನ ವ್ಯವಸ್ಥೆ ಸರಳ. ಗೇರ್‌ಬಾಕ್ಸಿನ ಕವಾಟದ ಮನೆಯಲ್ಲಿ ಸ್ಪೂಲ್ ಎಂಬ ಉರುಳೆಯಾಕಾರದ ಕೊರಡು ತನ್ನ ರಂಧ್ರದೊಳಗೆ ಹಿಂದುಮುಂದು ಸರಿಯುವಂತಿರುತ್ತದೆ. ಪೆಡಲಿನಿಂದ ಬಂದ ಲಿಂಕ್ ರಾಡ್ ಅದನ್ನು ಸರಿಸುತ್ತದೆ. ಪೆಡಲ್ ಮೇಲಿರುವಾಗ ಕ್ಲಚ್ ಕಟ್ಟಿಗೆ ಪೂರ್ಣ ಒತ್ತಡ, ಎಂದರೆ ಹತ್ತು ಬಾರ್‌ನ ಆಸುಪಾಸಿನದು, ತಲುಪುತ್ತಿರುತ್ತದೆ. ಪೆಡಲನ್ನು ಒತ್ತುತ್ತ ಹೋದಂತೆ ಸ್ಪೂಲ್ ಸರಿದು ಎಣ್ಣೆಯ ಒಂದು ಭಾಗವನ್ನು ತೊಟ್ಟಿಗೆ ಹರಿಯಬಿಡುತ್ತದೆ, ಒತ್ತಡ ಇಳಿಯುತ್ತದೆ, ತಟ್ಟೆಗಳು ಒಂದರ ಮೇಲೊಂದು ಜಾರತೊಡಗುತ್ತವೆ. ಜಾರಿದಾಗ ಹುಟ್ಟುವ ಕಾವನ್ನು ಸುತ್ತಲಿನ ಎಣ್ಣೆ ಹೊತ್ತೊಯ್ಯುವುದರಿಂದ ಒಣ ಕ್ಲಚ್ಚಿನ ಗತಿ ಇವಕ್ಕೆ ಅಷ್ಟು ಬೇಗ ಬರುವುದಿಲ್ಲ. ಆದರೆ ಹಿಡಿತ ಪೂರ್ತಿ ತಪ್ಪಿದ ವಾಹನವನ್ನು ಇಳಿಜಾರಿನಲ್ಲಿ ತಡೆಯುವವರು ಯಾರು? ಕ್ಲಚ್ ಬಿಡಿಸಿ, ಆಮೇಲೆ ಬಲಗಾಲನ್ನು ಆಕ್ಸಿಲರೇಟರಿನಿಂದ ಬ್ರೇಕಿಗೆ ಒಯ್ದರೆ ಎಂಜಿನ್ನಿನ ವೇಗ ಬೀಳುತ್ತದೆ, ಎತ್ತುವುದೂ ನಿಲ್ಲುತ್ತದೆ. ಆದ್ದರಿಂದ ಎಡಪೆಡಲಿನ ಓಟದ ಕೊನೆಯ ಭಾಗವನ್ನು ಬ್ರೇಕ್ ಪೆಡಲಿಗೆ ಕೊಕ್ಕೆ ಹಾಕಿದಂತೆ ಜೋಡಿಸಲಾಯಿತು: ಮೊದಲರ್ಧ ಒತ್ತಿದರೆ ಹಿಡಿತ ಸಡಿಲ, ಮುಂದೆ ಒತ್ತಿದರೆ ಬ್ರೇಕ್. ಇದೇ ತತ್ತ್ವ ಮಣ್ಣೆತ್ತುವ ವೀಲ್ ಲೋಡರುಗಳಲ್ಲೂ ಬಳಕೆಯಲ್ಲಿದೆ. ಅಲ್ಲಿ ಎಡ ಬ್ರೇಕ್ ಒತ್ತಿದರೆ ಗೇರ್‌ಬಾಕ್ಸಿನ ಹಿಡಿತ ತಪ್ಪಿ ಎಂಜಿನ್ನಿನ ಬಲವೆಲ್ಲ ಬಕೆಟ್ಟಿಗೆ ಸಿಗುತ್ತದೆ.

ಎರಡು ಕೆಲಸಗಳನ್ನು ಒಂದು ಪೆಡಲಿಗೆ ಹೊರಿಸಿದ ಮೇಲೆ ಅವು ಎಲ್ಲಿ ಸಂಧಿಸಬೇಕು ಎಂಬುದೇ ಫಿಟ್ಟರುಗಳ ಮುಖ್ಯ ಚಿಂತೆಯಾಯಿತು. ತಯಾರಕರ ಕೈಪಿಡಿಗಳಲ್ಲಿ ಬ್ರೇಕ್ ಮತ್ತು ಇಂಚಿಂಗ್ ಹೊಂದಾಣಿಕೆಗೆ ಪ್ರತ್ಯೇಕ ಭಾಗವೇ ಮೀಸಲಾಗಿರುವುದು ಇದಕ್ಕೇ. ವಾಹನವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಕವಲುಗಳನ್ನು ಕೆಳಗಿಳಿಸಿ, ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟ ಮೇಲೆ ಮೊದಲು ಮುಟ್ಟಬೇಕಾದದ್ದು ಇಂಚಿಂಗ್ ರಾಡನ್ನಲ್ಲ, ಬ್ರೇಕನ್ನು. ಸರಕಿನ ಭಾರ ಬೀಳುವುದು ಮುಂದಿನ ಚಕ್ರಗಳ ಮೇಲಾದ್ದರಿಂದ ಬಹುಪಾಲು ಫೋರ್ಕ್‌ಲಿಫ್ಟುಗಳಲ್ಲಿ ಬ್ರೇಕು ಇರುವುದೂ ಆ ಎರಡು ಚಕ್ರಗಳಿಗೆ ಮಾತ್ರ. ಅವುಗಳ ಡ್ರಮ್ಮಿಗೂ ಶೂಗಳಿಗೂ ನಡುವಿನ ಅಂತರ ಸರಿಯಾಗಿ, ಕೊಳವೆಗಳಲ್ಲಿ ಗಾಳಿ ಉಳಿಯದೆ, ಬ್ರೇಕ್ ಪೆಡಲಿನ ಎತ್ತರ ಮತ್ತು ಅದರ ಪ್ಲೇ, ಅಂದರೆ ಏನೂ ಕೆಲಸ ಮಾಡದೆ ಸಡಿಲವಾಗಿ ಸರಿಯುವ ಮೊದಲ ಕೆಲವು ಮಿಲಿಮೀಟರ್, ಅಳತೆಗೆ ಬಂದ ಮೇಲೆಯೇ ಇಂಚಿಂಗ್ ಪೆಡಲಿನ ಸರದಿ. ಈ ಕ್ರಮವನ್ನು ತಲೆಕೆಳಗು ಮಾಡಿದರೆ ಮಾಡಿದ ಕೆಲಸವೆಲ್ಲ ವ್ಯರ್ಥ, ಏಕೆಂದರೆ ಬ್ರೇಕ್ ಲೈನಿಂಗ್ ಸವೆದಂತೆ ಬ್ರೇಕ್ ಹಿಡಿಯುವ ಬಿಂದು ಕೆಳಕ್ಕೆ ಜಾರುತ್ತದೆ, ಬ್ರೇಕ್ ಬಿಗಿ ಮಾಡಿದೊಡನೆ ಮೇಲಕ್ಕೆ ಏರುತ್ತದೆ. ಎರಡೂ ಸಂದರ್ಭಗಳಲ್ಲಿ ಇಂಚಿಂಗಿನೊಂದಿಗಿನ ಅದರ ಸಂಬಂಧ ಬದಲಾಗುತ್ತದೆ.

ಮುಂದಿನ ಹಂತದಲ್ಲಿ ಲಿಂಕ್ ರಾಡಿನ ಲಾಕ್ ನಟ್ ಸಡಿಲಿಸಿ ಅದರ ಉದ್ದವನ್ನು ಹೊಂದಿಸಬೇಕು. ಪೆಡಲಿನಿಂದ ಕಾಲು ತೆಗೆದಾಗ ಸ್ಪೂಲ್ ಪೂರ್ತಿಯಾಗಿ ತನ್ನ ಮೂಲಸ್ಥಾನಕ್ಕೆ ಮರಳಬೇಕು. ರಾಡ್ ಒಂದೆರಡು ಸುತ್ತು ಹೆಚ್ಚುಕಡಿಮೆಯಾಗಿ ಸ್ಪೂಲ್ ತುಸುವೇ ಸರಿದು ನಿಂತರೂ ಕ್ಲಚ್ಚಿಗೆ ಪೂರ್ಣ ಒತ್ತಡ ಸಿಗದೆ ತಟ್ಟೆಗಳು ದಿನವಿಡೀ ಜಾರುತ್ತ, ಎಣ್ಣೆ ಕಾದು ಕಪ್ಪಾಗಿ, ಏರು ಹತ್ತಲು ವಾಹನ ತಿಣುಕುತ್ತದೆ. ಗೇರ್‌ಬಾಕ್ಸ್ ಕೆಟ್ಟಿದೆ ಎಂದು ಬಿಚ್ಚಿ ಹಾಕಿದ ಎಷ್ಟೋ ಪ್ರಸಂಗಗಳಲ್ಲಿ ದೋಷ ಈ ರಾಡಿನಲ್ಲಿರುವುದು ಸಾಧ್ಯ. ಅದನ್ನು ತಿಳಿಯಲು ಗೇರ್‌ಬಾಕ್ಸಿನ ಪರೀಕ್ಷಾ ರಂಧ್ರಕ್ಕೆ ಪ್ರೆಷರ್ ಗೇಜ್ ಜೋಡಿಸಿ ನೋಡುವುದೊಂದೇ ನಂಬಬಹುದಾದ ದಾರಿ. ಎಣ್ಣೆ ಬಿಸಿಯೇರಿ ಕೆಲಸದ ಉಷ್ಣತೆಗೆ ಬಂದಿರಬೇಕು, ಏಕೆಂದರೆ ತಣ್ಣಗಿನ ಗಟ್ಟಿ ಎಣ್ಣೆಯಲ್ಲಿ ಸರಿಯೆನಿಸಿದ ಹೊಂದಾಣಿಕೆ ಮಧ್ಯಾಹ್ನದ ಹೊತ್ತಿಗೆ ಸರಿಯಿರುವುದಿಲ್ಲ.

ಕೊನೆಯದು ಸಂಧಿಬಿಂದು. ಎಡಪೆಡಲು ಬ್ರೇಕ್ ಪೆಡಲನ್ನು ತಾಗುವ ಜಾಗದಲ್ಲಿ ಒಂದು ಬೋಲ್ಟ್ ಇರುತ್ತದೆ. ಅದನ್ನು ಹೊರಳಿಸಿ ಬ್ರೇಕ್ ಯಾವಾಗ ಹಿಡಿಯಬೇಕೆಂಬುದನ್ನು ಗೊತ್ತುಮಾಡಲಾಗುತ್ತದೆ. ಬ್ರೇಕ್ ತೀರ ಬೇಗ ಹಿಡಿದರೆ ಕ್ಲಚ್ ಇನ್ನೂ ಎಳೆಯುತ್ತಿರುವಾಗಲೇ ಚಕ್ರ ತಡೆಯಲ್ಪಟ್ಟು ಎಂಜಿನ್ನಿಗೂ ಬ್ರೇಕಿಗೂ ಜಗ್ಗಾಟ ಶುರುವಾಗುತ್ತದೆ, ಕ್ಲಚ್ ತಟ್ಟೆಗಳೂ ಬ್ರೇಕ್ ಲೈನಿಂಗೂ ಒಟ್ಟಿಗೆ ಸವೆಯುತ್ತವೆ. ತೀರ ತಡವಾದರೆ ಕ್ಲಚ್ ಬಿಟ್ಟ ಮೇಲೆ ಬ್ರೇಕ್ ಹಿಡಿಯುವ ಮುನ್ನ ಒಂದು ಬರಿದಾದ ಅಂತರ ಉಳಿದು, ರ‍್ಯಾಂಪಿನ ಮೇಲೆ ಸರಕು ಹೊತ್ತ ವಾಹನ ಆ ಅಂತರದಲ್ಲಿ ಹಿಂದಕ್ಕೆ ಉರುಳುತ್ತದೆ. ಲಾರಿಗೆ ಸರಕು ತುಂಬುವ ಕಟ್ಟೆಗಳ ಇಳಿಜಾರಿನಲ್ಲಿ ದುಡಿಯುವ ವಾಹನಕ್ಕೆ ಒತ್ತಡ ಸೊನ್ನೆಗಿಳಿಯುವುದಕ್ಕೆ ತುಸು ಮುಂಚೆಯೇ ಬ್ರೇಕ್ ಹಿಡಿಯುವಂತೆ, ಸಮತಟ್ಟಾದ ಗೋದಾಮಿನೊಳಗಿನ ವಾಹನಕ್ಕೆ ಎರಡೂ ಹೆಚ್ಚುಕಡಿಮೆ ಒಂದೇ ಬಿಂದುವಿನಲ್ಲಿ ಸೇರುವಂತೆ ಇಡುವುದು ವಿವೇಕ. ಕೈಪಿಡಿಯ ಅಳತೆ ಇದರ ಆರಂಭ ಮಾತ್ರ. ಕೊನೆಯ ತೀರ್ಮಾನವನ್ನು ರ‍್ಯಾಂಪಿನ ಮೇಲಿನ ಪರೀಕ್ಷೆಯೇ ಕೊಡಬೇಕು.

ಎಲ್ಲ ತಯಾರಕರೂ ಈ ದಾರಿಯನ್ನೇ ಹಿಡಿಯಲಿಲ್ಲ. ಜರ್ಮನಿಯ ಲಿಂಡೆ ಸಂಸ್ಥೆಯು 1950ರ ದಶಕದ ಕೊನೆಗೆ ಕ್ಲಚ್, ಕನ್ವರ್ಟರ್, ಗೇರ್‌ಬಾಕ್ಸ್ ಮೂರನ್ನೂ ಕೈಬಿಟ್ಟು, ಪಂಪಿನ ಎಣ್ಣೆಯಿಂದಲೇ ಚಕ್ರದ ಮೋಟಾರುಗಳನ್ನು ತಿರುಗಿಸುವ ಹೈಡ್ರೊಸ್ಟ್ಯಾಟಿಕ್ ಕ್ರಮವನ್ನು ಫೋರ್ಕ್‌ಲಿಫ್ಟಿಗೆ ತಂದಿತು. ಅಲ್ಲಿ ಮುನ್ನಡೆಗೊಂದು ಹಿನ್ನಡೆಗೊಂದು ಪೆಡಲು. ಕಾಲು ಸಡಿಲಿಸಿದೊಡನೆ ಎಣ್ಣೆಯ ಹರಿವು ಕಡಿಮೆಯಾಗಿ ವಾಹನ ತಾನೇ ನಿಧಾನವಾಗುವುದರಿಂದ ಇಂಚಿಂಗ್ ಎಂಬ ಪ್ರತ್ಯೇಕ ಅಂಗ ಬೇಕಾಗುವುದಿಲ್ಲ. ಯಂತ್ರಶಾಸ್ತ್ರದ ದೃಷ್ಟಿಯಿಂದ ಇದು ಹೆಚ್ಚು ಅಚ್ಚುಕಟ್ಟಾದ ಉತ್ತರವೆಂದು ಒಪ್ಪಲೇಬೇಕು. ಆದರೆ ಬೆಲೆ ಮತ್ತು ದುರಸ್ತಿಯ ಸುಲಭತೆಯಲ್ಲಿ ಕನ್ವರ್ಟರ್ ಟ್ರಕ್ಕುಗಳು ಮುಂದಿದ್ದವು. 1956ರಲ್ಲಿ ತನ್ನ ಮೊದಲ ಫೋರ್ಕ್‌ಲಿಫ್ಟನ್ನು ಹೊರತಂದ ಟೊಯೋಟ ಮತ್ತು ಜಪಾನಿನ ಇತರ ತಯಾರಕರು ಮುಂದಿನ ದಶಕಗಳಲ್ಲಿ ಕನ್ವರ್ಟರ್ ಟ್ರಕ್ಕುಗಳನ್ನೇ ಏಷ್ಯಾದ ಮಾರುಕಟ್ಟೆಗಳಿಗೆ ಹರಡಿದರು. ಅದೇ 1956ರಲ್ಲಿ ಮಾಲ್ಕಂ ಮೆಕ್ಲೀನ್‌ನ ಐಡಿಯಲ್ ಎಕ್ಸ್ ಹಡಗು 58 ಪೆಟ್ಟಿಗೆಗಳನ್ನು ಹೊತ್ತು ನೆವಾರ್ಕ್‌ನಿಂದ ಹ್ಯೂಸ್ಟನ್‌ಗೆ ಹೊರಟು ಕಂಟೇನರ್ ಯುಗ ಆರಂಭವಾಗಿತ್ತು. ಒಳಗಲ ಎರಡೂಕಾಲು ಮೀಟರಿಗಿಂತ ತುಸುವೇ ಹೆಚ್ಚಿರುವ ಆ ಪೆಟ್ಟಿಗೆಯೊಳಗೆ ನುಗ್ಗಿ ಸರಕು ಪೇರಿಸುವ ಫೋರ್ಕ್‌ಲಿಫ್ಟಿಗೆ ಅಂಗುಲದ ಲೆಕ್ಕ ಇನ್ನಷ್ಟು ಬಿಗಿಯಾಯಿತು.

ಭಾರತದಲ್ಲಿ ಗೋದ್ರೆಜ್ ಕಂಪನಿ 1960ರ ದಶಕದಲ್ಲಿ ಫೋರ್ಕ್‌ಲಿಫ್ಟ್ ತಯಾರಿಕೆಯಲ್ಲಿ ತೊಡಗಿತ್ತಾದರೂ ಕ್ವಿಂಟಲ್ ತೂಕದ ಚೀಲಗಳು ಬಹುಕಾಲ ಹಮಾಲರ ಬೆನ್ನಿನ ಮೇಲೆಯೇ ಸಾಗಿದವು. ಕೂಲಿ ಅಗ್ಗವಾಗಿದ್ದ ಕಡೆ ಯಂತ್ರಕ್ಕೆ ಅವಸರವಿರಲಿಲ್ಲ. 1948ರ ಕಾರ್ಖಾನೆಗಳ ಕಾಯಿದೆಯು ಒಬ್ಬ ಕೆಲಸಗಾರ ಹೊರಬಹುದಾದ ಗರಿಷ್ಠ ತೂಕವನ್ನು ಗೊತ್ತುಪಡಿಸುವ ಅಧಿಕಾರವನ್ನು ರಾಜ್ಯ ಸರ್ಕಾರಗಳಿಗೆ ಕೊಟ್ಟಿತ್ತು. ಕರ್ನಾಟಕದಲ್ಲಿ ನವಮಂಗಳೂರು 1974ರಲ್ಲಿ ಪ್ರಮುಖ ಬಂದರೆಂದು ಘೋಷಿತವಾದದ್ದು, 1981ರಲ್ಲಿ ಬೆಂಗಳೂರಿನಲ್ಲಿ ದೇಶದ ಮೊದಲ ಒಳನಾಡು ಕಂಟೇನರ್ ಡಿಪೊ ತೆರೆದದ್ದು, ಆಮೇಲೆ ಕಾರಿನ ಕಾರ್ಖಾನೆಗಳು ಬಂದದ್ದು ಫೋರ್ಕ್‌ಲಿಫ್ಟನ್ನು ಸಾಮಾನ್ಯ ನೋಟವಾಗಿಸಿದವು. ಕಡಿಮೆ ಬೆಲೆಯ ಕಾರಣಕ್ಕೆ ಒಣ ಕ್ಲಚ್ಚಿನ ಮಾದರಿಗಳೂ ಇಲ್ಲಿ ಕನ್ವರ್ಟರ್ ಮಾದರಿಗಳ ಜೊತೆಗೇ ಮಾರಾಟವಾಗುತ್ತ ಬಂದದ್ದರಿಂದ ಒಂದೇ ಗೋದಾಮಿನಲ್ಲಿ, ಎಡಪೆಡಲು ಕ್ಲಚ್ಚಾಗಿರುವ ವಾಹನವೂ ಇಂಚಿಂಗ್ ಆಗಿರುವ ವಾಹನವೂ ಅಕ್ಕಪಕ್ಕ ನಿಲ್ಲುವ ಸ್ಥಿತಿ ಉಂಟಾಯಿತು. ಕ್ಲಚ್ಚಿನ ಮೇಲೆ ಕಾಲಿಟ್ಟೇ ಓಡಿಸುವ ಅಭ್ಯಾಸವನ್ನು ಲಾರಿಯಿಂದ ತಂದವನು ಇಂಚಿಂಗ್ ಪೆಡಲಿನ ಮೇಲೂ ಹಾಗೆಯೇ ಕಾಲಿಟ್ಟರೆ, ಫಿಟ್ಟರ್ ಎಷ್ಟೇ ನಿಖರವಾಗಿ ರಾಡನ್ನು ಹೊಂದಿಸಿದ್ದರೂ ಫಲವಿಲ್ಲ. ಅಮೆರಿಕದಲ್ಲಿ ಚಾಲಕರ ತರಬೇತಿಯ ವಿಸ್ತೃತ ನಿಯಮ 1999ರ ಮಾರ್ಚಿನಿಂದ ಜಾರಿಗೆ ಬಂದಿದ್ದು, ಬೇರೆ ಬಗೆಯ ವಾಹನಕ್ಕೆ ಬದಲಾಗುವ ಚಾಲಕನಿಗೆ ಮರುತರಬೇತಿಯನ್ನು ಅದು ಕಡ್ಡಾಯಗೊಳಿಸಿದೆ. ಈ ಎಡಪೆಡಲನ್ನು ಬಲ್ಲವರಿಗೆ ಆ ನಿಯಮ ಅತಿಯೆನಿಸದು.

ಇತ್ತೀಚಿನ ಎಂಜಿನ್ ಟ್ರಕ್ಕುಗಳಲ್ಲಿ ಲಿಂಕ್ ರಾಡಿನ ಜಾಗಕ್ಕೆ ಪೆಡಲಿನ ಕೋನವನ್ನು ಅಳೆಯುವ ಸಂವೇದಕ ಬಂದಿದೆ, ಸ್ಪೂಲನ್ನು ವಿದ್ಯುತ್ ಕವಾಟ ನಡೆಸುತ್ತದೆ, ಸ್ಪ್ಯಾನರಿನ ಬದಲು ಪರದೆಯ ಮೇಲಿನ ಅಂಕಿಗಳಿಂದ ಹೊಂದಾಣಿಕೆ ನಡೆಯುತ್ತದೆ. ಇನ್ನೊಂದೆಡೆ, ಪಂಪಿಗೂ ಚಕ್ರಕ್ಕೂ ಬೇರೆಬೇರೆ ಮೋಟಾರುಗಳಿರುವ ವಿದ್ಯುತ್ ಟ್ರಕ್ಕುಗಳು ಎಂಜಿನ್ ಟ್ರಕ್ಕುಗಳನ್ನು ಹಿಂದಿಕ್ಕುತ್ತಿರುವುದರಿಂದ ಇಂಚಿಂಗ್ ಪೆಡಲಿನ ಅಗತ್ಯವೇ ಕ್ರಮೇಣ ಕರಗುತ್ತಿದೆ. ಆದರೂ ಹೊರಾಂಗಣದ ಕಲ್ಲು, ಮರ, ಕಬ್ಬಿಣದ ಅಂಗಳಗಳಲ್ಲಿ ಡೀಸೆಲ್ ಫೋರ್ಕ್‌ಲಿಫ್ಟುಗಳು ಇನ್ನೂ ದುಡಿಯುತ್ತಿವೆ. ಅಲ್ಲಿ ಬ್ರೇಕ್ ಲೈನಿಂಗ್ ಬದಲಾಯಿಸಿದ ಪ್ರತಿಸಲವೂ ಇಂಚಿಂಗ್ ರಾಡನ್ನು ಮತ್ತೆ ಅಳೆದು ಬಿಗಿಯುವ ಕೆಲಸ ಫಿಟ್ಟರಿಗೆ ತಪ್ಪಿಲ್ಲ.